ಕಟ್ಟು ಬೇಡ, ಸ್ಟೂಲು ಬೇಕು

ಇಂದ,
ಕಟ್ಟು ಬಿಚ್ಚದ ಓದುಗ,
ಹಿರಿಯ ಗುಮಾಸ್ತ, ಟಪಾಲು ವಿಭಾಗ,
ಮನೆ: ಎರಡನೇ ಮಹಡಿ, ನೀರಿನ ಟ್ಯಾಂಕಿನ ಎದುರು.

ಗೆ,
ಶ್ರೀ ಸಿಡಿಲಮುಷ್ಟಿಯವರು,
ಲೋಕರಕ್ಷಕರು ಹಾಗೂ ಕಾಮಿಕ್ಸ್ ನಾಯಕರು,
ಗುಪ್ತ ಗುಹೆ, ಜಲಪಾತದ ಹಿಂಭಾಗ.

ಮೂಲಕ,
ಕಟ್ಟಣ್ಣನವರು,
ಮಾಲೀಕರು, ಹಳೆ-ಹೊಸ ಪುಸ್ತಕದ ಅಂಗಡಿ.
(ಅರ್ಜಿಯನ್ನು ಸೂಕ್ತ ಮಾರ್ಗದ ಮೂಲಕವೇ ಸಲ್ಲಿಸಬೇಕೆಂಬುದು ನಿಯಮ. ಈ ಮಾರ್ಗದ ಮುಂದೆ ಬಾಯಿ ಬಿಡಲು ಧೈರ್ಯ ಸಾಲದ ಕಾರಣ ಅರ್ಜಿ ಕೆಲವು ವರ್ಷ ತಡವಾಗಿದೆ.)

ವಿಷಯ: ತಮ್ಮ ಓದುಗನ ಹುದ್ದೆಯಿಂದ ನನ್ನನ್ನು ಬಿಡುಗಡೆ ಮಾಡಿ, ಅಂಗಡಿಯ ಸ್ಟೂಲನ್ನು ಮಾತ್ರ ನನಗೇ ಉಳಿಸಿಕೊಡುವ ಬಗ್ಗೆ.

ಉಲ್ಲೇಖ: ೧. ಮಂಚದ ಕೆಳಗೆ ಹೋದ ಪೊರಕೆ ಹೊರಗೆ ಬರದೆ ಸಿಕ್ಕಿಹಾಕಿಕೊಂಡ ದಿನ ನನ್ನ ಹೆಂಡತಿ ಹೊರಡಿಸಿದ ಮೌಖಿಕ ಆದೇಶ.
೨. ಅದೇ ಆದೇಶದ ಜ್ಞಾಪನ, ಸ್ವಲ್ಪ ಹೊತ್ತಿನ ನಂತರ, ಏರಿದ ದನಿಯಲ್ಲಿ.
೩. ಪ್ಯಾಂಟಿನ ಮೇಲೆ ತಾವು ಧರಿಸುವ ಹಳದಿ ಚಡ್ಡಿ.

ಮಾನ್ಯರೇ,

ಮೇಲ್ಕಂಡ ವಿಷಯ ಹಾಗೂ ಉಲ್ಲೇಖಗಳಿಗೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ತಾವು ಮೊದಲಿದ್ದ ಹಾಗೇ ಇದ್ದೀರಿ, ನಾನು ಇಲ್ಲ. ಇದರಲ್ಲಿ ತಮ್ಮ ತಪ್ಪೇನೂ ಕಂಡುಬರುವುದಿಲ್ಲ. ತಮಗೆ ಕೂದಲು ಉದುರುವುದಿಲ್ಲ, ಮಂಡಿ ನೋಯುವುದಿಲ್ಲ. ವಿವರಗಳನ್ನು ಕ್ರಮವಾಗಿ ಸಲ್ಲಿಸುತ್ತಿದ್ದೇನೆ.

೧. ನಾನು ಮೂರನೇ ತರಗತಿಯಲ್ಲಿದ್ದಾಗ ತಮ್ಮ ಸೇವೆಗೆ ಸೇರಿದೆ. ನೇಮಕಾತಿ ಪತ್ರವೇನೂ ಇರಲಿಲ್ಲ. ನನ್ನ ಸೋದರಮಾವ ತಮ್ಮ ಒಂದು ಸಂಚಿಕೆ ತಂದುಕೊಟ್ಟು, "ಗಲಾಟೆ ಮಾಡದೆ ಆ ಮೂಲೇಲಿ ಬಿದ್ದಿರು" ಎಂದಿದ್ದನ್ನೇ ಆದೇಶವೆಂದು ಪರಿಗಣಿಸಿದೆ. ಆ ಸಂಚಿಕೆಯಲ್ಲಿ ತಾವು ಗಡಿಯಾರದ ಗೋಪುರದಿಂದ ಜಿಗಿದು ಓಡುವ ರೈಲನ್ನು ಬರಿಗೈಯಲ್ಲಿ ನಿಲ್ಲಿಸಿದ್ದಿರಿ. ಆದ್ದರಿಂದ ನಾನೂ ಅಮ್ಮನ ಟವೆಲನ್ನು ಕುತ್ತಿಗೆಗೆ ಕಟ್ಟಿಕೊಂಡು ಕಾಂಪೌಂಡ್ ಗೋಡೆಯಿಂದ ಜಿಗಿದು ಪಕ್ಕದ ಮನೆಯವರ ಸೈಕಲ್ಲನ್ನು ನಿಲ್ಲಿಸಲು ಹೋದೆ. ಸೈಕಲ್ಲು ಮೊದಲೇ ನಿಂತಿತ್ತು. ಮುಂದಿನ ಹಲ್ಲೊಂದು ಸೇವೆಯಲ್ಲಿರುವಾಗಲೇ ವೀರಮರಣವನ್ನಪ್ಪಿತು.

೨. ಹೈಸ್ಕೂಲಿಗೆ ಬಂದ ಮೇಲೆ ತಮ್ಮ ಮುಷ್ಟಿಯ ಕಡೆ ನನ್ನ ಲಕ್ಷ್ಯ ಕಡಿಮೆಯಾಯಿತು ಎಂದು ತಿಳಿಸಲು ವಿಷಾದಿಸುತ್ತೇನೆ. ಆ ಅವಧಿಯಲ್ಲಿ ನಾನು ನೋಡುತ್ತಿದ್ದುದು ತಮ್ಮ ಕಥೆಯ ಪತ್ರಕರ್ತೆಯವರನ್ನು. ಆಕೆ ಪ್ರತಿ ತಿಂಗಳೂ ಯಾವುದಾದರೊಂದು ಮಾಳಿಗೆಯಿಂದ ಜಾರುತ್ತಿದ್ದರು, ತಾವು ಪ್ರತಿ ತಿಂಗಳೂ ಹಿಡಿಯುತ್ತಿದ್ದಿರಿ. ವರದಿ ಬರೆಯಲು ಮಾಳಿಗೆಯ ಅಂಚಿಗೇ ಯಾಕೆ ಹೋಗಬೇಕು ಎಂಬ ಸಂಶಯ ನನಗೆ ಆಗಲೇ ಬಂದಿತ್ತು. ಹೊಟ್ಟೆಕಿಚ್ಚಿನ ಸಂಶಯ, ಒಪ್ಪುತ್ತೇನೆ.

೩. ಕೆಲಸಕ್ಕೆ ಸೇರಿದ ಮೇಲೆ ಪರಿಸ್ಥಿತಿ ಇನ್ನೂ ಹದಗೆಟ್ಟಿತು. ಟಪಾಲು ವಿಭಾಗವೆಂದರೆ ಬಂದ ಕಾಗದಕ್ಕೆ ಮುದ್ರೆ ಒತ್ತಿ ಒಳಗೆ ಕಳಿಸುವುದು, ಒಳಗಿನ ಕಾಗದಕ್ಕೆ ಮುದ್ರೆ ಒತ್ತಿ ಹೊರಗೆ ಕಳಿಸುವುದು. ಇಂಥ ಕಣ್ಣಿನಿಂದ ಕಾಮಿಕ್ಸ್ ಓದಬಾರದು ಸ್ವಾಮೀ. ತಾವು ಡಾಕ್ಟರ್ ಕರಾಳರ ಮೇಲೆ ಬಸ್ಸು ಎತ್ತಿ ಎಸೆದಾಗ ಬೇರೆ ಯಾರಾದರೂ ಆಗಿದ್ದರೆ ಶಿಳ್ಳೆ ಹೊಡೆಯುತ್ತಿದ್ದರು. ನನಗೋ ಒಂದೇ ಚಿಂತೆ: ಆ ಬಸ್ಸಿನ ಕಂಡಕ್ಟರು ಮೇಲಧಿಕಾರಿಗೆ ಏನೆಂದು ಬರೆದುಕೊಡಬೇಕು? ಈ ಕಾರಣದಿಂದ ನನ್ನ ಪ್ರೀತಿ ನಿಧಾನವಾಗಿ ತಮ್ಮ ವೈರಿಯ ಕಡೆ ವಾಲಿತು. ಕರಾಳರು ಪ್ರತಿ ತಿಂಗಳೂ ಹೊಸ ಯೋಜನೆ ಸಿದ್ಧಪಡಿಸುತ್ತಾರೆ. ಪ್ರತಿ ತಿಂಗಳೂ ಅದು ತಿರಸ್ಕೃತವಾಗುತ್ತದೆ. ಪಾಪ, ಸಾಯುತ್ತಾರೆ, ಮುಂದಿನ ತಿಂಗಳು ಮತ್ತೆ ಕೆಲಸಕ್ಕೆ ಹಾಜರಾಗುತ್ತಾರೆ. ಅಂಥ ನಿಷ್ಠೆಯ ನೌಕರರನ್ನು ನಮ್ಮ ಕಚೇರಿಯಲ್ಲಂತೂ ನಾನು ಕಂಡಿಲ್ಲ.

ಈ ಮಧ್ಯೆ ದೊಡ್ಡವನಾಗಿದ್ದೇನೆಂದು ನಾಲ್ಕು ಜನಕ್ಕೆ ತೋರಿಸುವ ಹುಚ್ಚು ಹಿಡಿದು, ಕಪ್ಪು-ಬಿಳುಪಿನ ದಪ್ಪ ಚಿತ್ರಕಥೆಗಳನ್ನೂ ಕೊಂಡೆ. ಅವುಗಳಲ್ಲಿ ಒಬ್ಬ ಮನುಷ್ಯ ಕಿಟಕಿಯಿಂದ ಹೊರಗೆ ನೋಡುತ್ತಾನೆ. ಪುಟ ತಿರುಗಿಸಿದರೆ ಇನ್ನೂ ನೋಡುತ್ತಿರುತ್ತಾನೆ. ಹಣೆಗೆ ಬೆರಳು ಒತ್ತಿಕೊಂಡು ನಾನು ಅದನ್ನು ಓದುತ್ತಿದ್ದಾಗ ಮಗಳು ಬಂದು, "ಅಪ್ಪಾ, ಪುಸ್ತಕ ತಲೆಕೆಳಗಾಗಿದೆ" ಎಂದಳು. ಆ ಅಧ್ಯಾಯ ಅಲ್ಲಿಗೆ ಮುಗಿಯಿತು.

೪. ಹಾಲಿ ನನ್ನ ರುಚಿ ಎಲ್ಲಿಗೆ ಬಂದು ನಿಂತಿದೆ ಎಂಬುದನ್ನು ಹೇಳಲು ನಾಚಿಕೆಯಾಗುತ್ತದೆ. ಆದರೂ ಅರ್ಜಿಯಲ್ಲಿ ಸುಳ್ಳು ಬರೆಯಬಾರದು. ನಾನೀಗ ಓದುವುದು 'ಕೊಕ್ಕೋ ಅಜ್ಜಿ'. ಎಂಟು ವರ್ಷದೊಳಗಿನ ಮಕ್ಕಳಿಗಾಗಿ ಎಂದು ಅದರ ಮುಖಪುಟದಲ್ಲೇ ಅಚ್ಚಾಗಿದೆ. ಒಬ್ಬಳು ಅಜ್ಜಿ, ಅವಳದೊಂದು ಕೋಳಿ. ಕೋಳಿ ಕಳೆದುಹೋಗುತ್ತದೆ. ಅಜ್ಜಿ ಬೈದುಕೊಂಡು ಹುಡುಕುತ್ತಾಳೆ. ಕೊನೆಯ ಪುಟದಲ್ಲಿ ಕೋಳಿ ಅಜ್ಜಿಯ ಬುಟ್ಟಿಯಲ್ಲೇ ಇರುತ್ತದೆ. ಯಾರೂ ಯಾರನ್ನೂ ಗುದ್ದುವುದಿಲ್ಲ, ಯಾವ ಸೇತುವೆಯೂ ಬೀಳುವುದಿಲ್ಲ. ದಿನವಿಡೀ ಮುದ್ರೆ ಒತ್ತಿ ಬಂದವನಿಗೆ ಆ ಕೋಳಿ ಸಿಕ್ಕಾಗ ಆಗುವ ಸಮಾಧಾನವನ್ನು ತಮ್ಮಂಥ ಶೂರರಿಗೆ ಹೇಗೆ ತಿಳಿಸಲಿ?

ಇದನ್ನು ಕಟ್ಟಣ್ಣನ ಅಂಗಡಿಯಲ್ಲಿ ಕೇಳಲು ಮುಖವಿಲ್ಲದೆ ರೈಲು ನಿಲ್ದಾಣದ ಪುಸ್ತಕದಂಗಡಿಯಲ್ಲಿ ಕೊಳ್ಳಲಾರಂಭಿಸಿದೆ. ಅಲ್ಲಿನ ಅಕ್ಕ ಮೊದಲ ದಿನವೇ, "ಪಾಪುಗೆ ಎಷ್ಟು ವರ್ಷ ಸಾರ್?" ಎಂದು ವಿಚಾರಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು, "ಆರು, ಆರು! ಗಂಡು ಮಗು! ತುಂಬಾ ತುಂಟ!" ಎಂದು ಕೇಳದ್ದನ್ನೆಲ್ಲ ಒದರಿಬಿಟ್ಟೆ. ಇಲ್ಲದ ಆ ಮಗನಿಗೆ ಅಕ್ಕನ ಲೆಕ್ಕದಲ್ಲಿ ವಯಸ್ಸಾಗುತ್ತಾ ಬಂತು. ಹೋದ ತಿಂಗಳು ನಾನು ಕೈ ಚಾಚಿದರೆ ಅವರು ಪುಸ್ತಕ ಹಿಂದಕ್ಕೆಳೆದುಕೊಂಡರು. "ಸಾರ್, ನಿಮ್ಮ ಮಗನಿಗೆ ಈಗ ಒಂಬತ್ತಲ್ವಾ? ಇನ್ನೂ ಅಜ್ಜಿ-ಕೋಳಿ ಓದಿಸ್ತಿದ್ರೆ ಹುಡುಗ ದಡ್ಡ ಆಗ್ತಾನೆ. ತಗೊಳ್ಳಿ, ಇದು ಓದಿಸಿ" ಎಂದು ಬೇರೆ ಪುಸ್ತಕ ಕೈಗಿತ್ತರು. ಬಿಚ್ಚಿ ನೋಡಿದರೆ ತಾವು! ಹಳದಿ ಚಡ್ಡಿ ಸಮೇತ!

೫. ಹಾಗಾದರೆ ತಮ್ಮನ್ನು ಕೊಳ್ಳುವುದನ್ನೇ ನಿಲ್ಲಿಸಬಹುದಿತ್ತಲ್ಲ ಎಂದು ತಾವು ಕೇಳಬಹುದು. ಅಲ್ಲೇ ಇರುವುದು ತೊಡಕು.

ಕಟ್ಟಣ್ಣನ ಅಂಗಡಿ ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಅಗಲ. ಚಾವಣಿಯವರೆಗೂ ಪುಸ್ತಕ. ಅಲ್ಲಿಯ ಪದ್ಧತಿ ಏನೆಂದರೆ, ನಾವು ಒಮ್ಮೆ ಒಂದು ಕಾಮಿಕ್ಸ್ ಇಷ್ಟವೆಂದು ಹೇಳಿದರೆ ಮುಗಿಯಿತು. ತಿಂಗಳಿಗೆ ಬರುವ ಅದರ ಸಂಚಿಕೆ, ವಿಶೇಷಾಂಕ, ಪುರವಣಿ ಎಲ್ಲವನ್ನೂ ಅವರೇ ಎತ್ತಿಟ್ಟು, ಬಿಳಿ ದಾರದಿಂದ ಅಡ್ಡ-ಉದ್ದ ಕಟ್ಟಿ, ಮೇಲೊಂದು ಚೀಟಿ ಸಿಕ್ಕಿಸುತ್ತಾರೆ. ಅದಕ್ಕೇ ಅವರು ಕಟ್ಟಣ್ಣ. ಕಟ್ಟು ಇರುವವರಿಗೆ ಸ್ಟೂಲು. ಶನಿವಾರ ಸಂಜೆ ಅದರ ಮೇಲೆ ಕೂತು ಯಾವ ಪುಸ್ತಕವನ್ನು ಬೇಕಾದರೂ ತಿರುವಿಹಾಕಬಹುದು, ಕಟ್ಟಣ್ಣನ ಜೊತೆ ಹರಟಬಹುದು. ಕಟ್ಟು ಇಲ್ಲದವರು ಪುಸ್ತಕ ಬಿಚ್ಚಿದರೆ, "ನಿಂತ್ಕೊಂಡು ಓದೋಕೆ ಇದೇನು ಬಸ್ ಸ್ಟಾಪಾ?" ಎಂಬ ಮಾತು ಬರುತ್ತದೆ.

ನನ್ನ ಚೀಟಿಯ ಮೇಲೆ ನನ್ನ ಹೆಸರಿಲ್ಲ, 'ಮುಷ್ಟಿ' ಎಂದಿದೆ. "ಬಾರಪ್ಪಾ ಮುಷ್ಟಿ, ಕೂತ್ಕೋ. ಯಾಕೋ ಮುಖ ಬಾಡಿದೆ?" ಎಂದು ಕೇಳುವವರು ಅವರೊಬ್ಬರೇ. ಕಚೇರಿಯಲ್ಲಿ ನನ್ನನ್ನು 'ಟಪಾಲು' ಎನ್ನುತ್ತಾರೆ, ಮನೆಯಲ್ಲಿ 'ಏನೂಂದ್ರೆ' ಎನ್ನುತ್ತಾರೆ. ಮುಖ ಬಾಡಿದ್ದನ್ನು ಎರಡೂ ಕಡೆ ಯಾರೂ ಗಮನಿಸುವುದಿಲ್ಲ. ನಾನು ಕಟ್ಟು ಬೇಡವೆಂದರೆ ಸ್ಟೂಲು ಹೋಗುತ್ತದೆ, ಸ್ಟೂಲು ಹೋದರೆ ಶನಿವಾರ ಹೋಗುತ್ತದೆ, ಕಟ್ಟಣ್ಣನೂ ಹೋಗುತ್ತಾರೆ.

ಇದು ಬರೀ ಕಲ್ಪನೆಯಲ್ಲ, ಪೂರ್ವನಿದರ್ಶನವಿದೆ. ಅಂಗಡಿಯಲ್ಲಿ ಮೊದಲು ಎರಡು ಸ್ಟೂಲುಗಳಿದ್ದವು. ಎರಡನೆಯದು ಅದೇ ಬೀದಿಯ ದರ್ಜಿಯವರದು. ಅವರು ದೆವ್ವದ ಕಾಮಿಕ್ಸಿನ ಗಿರಾಕಿ. ಒಂದು ಶನಿವಾರ ಅವರು, "ಅಣ್ಣಾ, ಕಣ್ಣು ಮಂಜಾಗ್ತಿದೆ, ಇನ್ಮೇಲೆ ಕಟ್ಟು ಬೇಡ" ಎಂದರು. ಕಟ್ಟಣ್ಣ, "ಆಯ್ತು ಬಿಡಪ್ಪಾ" ಎಂದಷ್ಟೇ ಹೇಳಿದರು. ಮುಂದಿನ ಶನಿವಾರ ಹೋಗಿ ನೋಡಿದರೆ ದರ್ಜಿಯ ಸ್ಟೂಲು ಕಪಾಟಿನ ನೆತ್ತಿಯ ಮೇಲೆ ಬೋರಲಾಗಿ ಬಿದ್ದಿತ್ತು. ಬಾಗಿಲವರೆಗೆ ಬಂದ ದರ್ಜಿ ಅದನ್ನು ನೋಡಿ ಹಾಗೇ ಹಿಂತಿರುಗಿದರು. ಅಂದಿನಿಂದ ಅವರು ಹಿಂದಿನ ಬೀದಿಯಿಂದ ಸುತ್ತಿ ಮನೆಗೆ ಹೋಗುತ್ತಾರೆ. ಕಟ್ಟಣ್ಣನ ಅಂಗಿಯ ಒಂದು ತೋಳು ಇನ್ನೊಂದಕ್ಕಿಂತ ಉದ್ದವಾಗಿದ್ದೂ ಅಂದಿನಿಂದಲೇ. ಬಟ್ಟೆಯನ್ನು ಬೇರೆ ಕಡೆ ಹೊಲಿಸುತ್ತಿದ್ದಾರೆ ಎಂದು ನಾನು ಅರ್ಥಮಾಡಿಕೊಂಡೆ, ಬಾಯಿ ಮುಚ್ಚಿಕೊಂಡೆ.

೬. ಆದ್ದರಿಂದ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ನೀತಿಯಂತೆ ತಿಂಗಳು ತಿಂಗಳೂ ತಮ್ಮ ಕಟ್ಟನ್ನು ತಂದು, ದಾರ ಸಹ ಬಿಚ್ಚದೆ ಮಂಚದ ಕೆಳಗೆ ತಳ್ಳುತ್ತಾ ಬಂದೆ. ಕೊನೆಗೆ ಉಲ್ಲೇಖ ಒಂದರಲ್ಲಿ ತಿಳಿಸಿದ ಪೊರಕೆಯ ಘಟನೆ ನಡೆಯಿತು. ಹೆಂಡತಿ ಮಂಡಿಯೂರಿ ಒಂದೊಂದೇ ಕಟ್ಟನ್ನು ಎಳೆದು ಕೋಣೆಯ ಮಧ್ಯೆ ಪೇರಿಸಿದಳು.

"ಏನೂಂದ್ರೆ, ದಾರ ಕೂಡ ಬಿಚ್ಚಿಲ್ಲ! ಓದೋದೇ ಇಲ್ಲ ಅಂದ್ಮೇಲೆ ಯಾಕ್ರೀ ತರ್ತೀರಾ?"

"ಕಟ್ಟಣ್ಣ ಬೇಜಾರು ಮಾಡ್ಕೋತಾರೆ ಕಣೇ."

"ನಾನು ಬೇಜಾರು ಮಾಡ್ಕೊಂಡ್ರೆ ಪರವಾಗಿಲ್ವಾ? ಈ ವಾರದೊಳಗೆ ನೀವು ಹೇಳ್ತೀರೋ, ಇಲ್ಲಾ ನಾನೇ ಹೋಗಿ ಹೇಳ್ಲೋ?"

ಕಾರಣ, ಈ ಅರ್ಜಿಯನ್ನು ಬರೆಯಲು ಕೂತೆ. ಮೇಲಿನ ಅಂಶಗಳನ್ನು ಪರಿಶೀಲಿಸಿ, ನನ್ನನ್ನು ಸೇವೆಯಿಂದ ಬಿಡುಗಡೆ ಮಾಡಿ, ಕಟ್ಟಣ್ಣನವರ ಕನಸಿನಲ್ಲಿ ತಾವೇ ಖುದ್ದಾಗಿ ಹಾಜರಾಗಿ ಈ ವಿಷಯವನ್ನು ಮೆತ್ತಗೆ ತಿಳಿಸಬೇಕಾಗಿ

೭. ಮೇಲಿನ ವಾಕ್ಯ ಮುಗಿಯದಿರುವುದಕ್ಕೆ ಕ್ಷಮೆಯಿರಲಿ. ಅಷ್ಟು ಬರೆಯುವಷ್ಟರಲ್ಲಿ ಶನಿವಾರ ಬಂತು, ಹೆಂಡತಿ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ನಮ್ಮ ವಿಭಾಗದಲ್ಲಿ ಬರೆದ ಕಾಗದವನ್ನು ಹರಿಯುವ ಪದ್ಧತಿಯಿಲ್ಲ, ಆದ್ದರಿಂದ ಮುಂದುವರಿಸುತ್ತಿದ್ದೇನೆ.

ಒಂದು ಮಾತು ಹೇಳಿ ಬರಲು ಹೋದವಳು ಕತ್ತಲಾಗುತ್ತಾ ಬಂದರೂ ತಿರುಗಿ ಬರಲಿಲ್ಲ. ಅಲ್ಲಿ ಜಗಳವೇ ಆಗಿಹೋಗಿದೆ, ಕಟ್ಟಣ್ಣನ ಮುಖ ಇನ್ನು ನೋಡುವ ಹಾಗಿಲ್ಲ ಎಂದು ನಾನು ಮನೆಯೊಳಗೇ ಶತಪಥ ಹಾಕಿದೆ. ಕೊನೆಗೆ ತಡೆಯಲಾರದೆ ಅಂಗಡಿಗೆ ಓಡಿದೆ. ಅಲ್ಲಿ ಕಂಡ ದೃಶ್ಯವನ್ನು ಇದ್ದದ್ದು ಇದ್ದ ಹಾಗೇ ವರದಿ ಮಾಡುತ್ತೇನೆ. ನನ್ನ ಸ್ಟೂಲಿನ ಮೇಲೆ ನನ್ನ ಹೆಂಡತಿ ಕೂತಿದ್ದಳು. ಮಡಿಲಲ್ಲಿ ತಾವು ತೆರೆದುಕೊಂಡಿದ್ದಿರಿ. ಅವಳ ಕಣ್ಣು ಒದ್ದೆಯಾಗಿತ್ತು.

"ಏನೂಂದ್ರೆ," ಎಂದಳು, "ಆ ಕರಾಳನ ಮೇಲೆ ಕಟ್ಟಡಾನೇ ಬಿತ್ತಲ್ರೀ! ಬದುಕ್ತಾನೋ ಇಲ್ವೋ?"

ನಾನು ಬಾಯಿ ತೆರೆದೆ. ಅವರು ಸಾಯುವುದು, ಬರುವುದು ತಿಂಗಳ ತಿಂಗಳ ಕೆಲಸವೆಂದು ಹೇಳಿಬಿಡಬಹುದಿತ್ತು. ಅವಳು ಆ ಪುಟವನ್ನು ಹಿಡಿದಿದ್ದ ರೀತಿ ನೋಡಿ ಮನಸ್ಸು ಬರಲಿಲ್ಲ. "ಯಾರಿಗ್ಗೊತ್ತು?" ಎಂದೆ. ಮದುವೆಯಾದಂದಿನಿಂದ ನನ್ನ ಮಾತಿಗೆ ಅವಳು ಅಷ್ಟು ಕುತೂಹಲದಿಂದ ಕಾದಿದ್ದು ಅದೇ ಮೊದಲು.

ನಡೆದಿದ್ದೇನೆಂದರೆ, ಅವಳು ಹೋದಾಗ ಕಟ್ಟಣ್ಣ ಬೇರೆ ಗಿರಾಕಿಯ ಜೊತೆಗಿದ್ದರಂತೆ. "ಬಾಮ್ಮಾ, ಒಂದ್ನಿಮಿಷ ಕೂತಿರು" ಎಂದು ಸ್ಟೂಲು ತೋರಿಸಿದರಂತೆ. ಕೂತವಳು ಎದುರಿಗಿದ್ದ ಈ ತಿಂಗಳ ಕಟ್ಟನ್ನು, ಇಂಥ ದರಿದ್ರದಲ್ಲಿ ಏನಿದೆ ನೋಡೋಣ ಎಂದು ಬಿಚ್ಚಿದಳಂತೆ. ತಾನೊಂದು ಬಗೆದರೆ ದೈವವೊಂದು ಬಗೆಯಿತು. ಗಿರಾಕಿ ಹೋದ ಮೇಲೆ ಕಟ್ಟಣ್ಣ ಬಂದು ವಿಷಯ ಕೇಳಿದಾಗ, ಪುಸ್ತಕದಿಂದ ತಲೆಯೆತ್ತದೆಯೇ, "ನಮ್ಮವರಿಗೆ ಇದು ಬೇಡ್ವಂತೆ ಅಣ್ಣಾ. ಚೀಟಿ ನನ್ನ ಹೆಸರಿಗೆ ಮಾಡಿ" ಎಂದುಬಿಟ್ಟಳಂತೆ.

ಕಟ್ಟಣ್ಣ ನನ್ನನ್ನು ನೋಡಿ ಹಣೆ ಚಚ್ಚಿಕೊಂಡರು.

"ಲೋ ಮುಷ್ಟಿ! ಈ ಚಡ್ಡಿ ನನ್ಮಗನ್ನ ಈ ಬೀದಿಗೆ ತರಿಸ್ತಿದ್ದಿದ್ದೇ ನಿನ್ನೊಬ್ಬನಿಗೋಸ್ಕರ ಕಣೋ! ನನಗೂ ಅವನ ಮುಖ ನೋಡಿ ನೋಡಿ ಸಾಕಾಗಿತ್ತು. ನಿಲ್ಲಿಸಿಬಿಟ್ರೆ ನೀನು ಬೇಜಾರು ಮಾಡ್ಕೊಂಡು ಬರೋದೇ ಬಿಡ್ತೀಯೇನೋ ಅಂತ ಸುಮ್ನಿದ್ದೆ."

"ನಾನೂ ಅದಕ್ಕೇ ಸುಮ್ನಿದ್ದೆ ಅಣ್ಣಾ. ನೀವು ಬೇಜಾರು ಮಾಡ್ಕೋತೀರಿ ಅಂತ."

"ಥೂ ನಿನ್ನ! ಈಗ ಬಿಡುಗಡೆ ಸಿಕ್ತು ಅಂದ್ಕೊಂಡ್ರೆ ನಿನ್ನ ಹೆಂಡತಿ ಹಿಡ್ಕೊಂಡ್ಳಲ್ಲೋ!"

ಇಬ್ಬರೂ ನಕ್ಕೆವು. ನಕ್ಕ ಧೈರ್ಯದಲ್ಲಿ ನಾನು ಕಪಾಟಿನ ನೆತ್ತಿಗೆ ಬೆರಳು ತೋರಿಸಿ, "ಮತ್ತೆ ದರ್ಜಿಯವರ ಸ್ಟೂಲು?" ಎಂದೆ.

"ಅದಾ? ಕಾಲು ಮುರೀತು, ಮೇಲಿಟ್ಟೆ. ಅವನಿಗೆ ನನ್ಮೇಲೆ ಏನು ಕೋಪಾನೋ, ಆಮೇಲೆ ಈ ಕಡೆ ತಲೆ ಹಾಕ್ಲಿಲ್ಲ. ಕೋಪದಲ್ಲಿರೋನ ಹತ್ರ ಬಟ್ಟೆ ಕೊಡೋಕಾಗುತ್ತಾ? ಬೇರೆ ಕಡೆ ಹೊಲಿಸಿ ಹೀಗಾಗಿದೀನಿ ನೋಡು." ಉದ್ದ ತೋಳನ್ನು ಆಡಿಸಿ ತೋರಿಸಿದರು. "ಮೇಲೆ ಮೂರೇ ಕಾಲು ನಿಂತಿರೋದು ನಿನಗೆ ಇಷ್ಟು ವರ್ಷ ಕಾಣ್ಲಿಲ್ವೇನೋ?"

ಕಾಣಲಿಲ್ಲ ಸ್ವಾಮೀ. ಮೊದಲ ದಿನ ಕಣ್ಣು ಹಾಯಿಸಿದ್ದಷ್ಟೇ, ಆಮೇಲೆ ಹೆದರಿಕೆಗೆ ನಾನು ಅತ್ತ ಕತ್ತೆತ್ತಿ ನೋಡಿದ್ದೇ ಇಲ್ಲ.

೮. ಅದೇ ಗಳಿಗೆಯಲ್ಲಿ ನಾನು ಹಿಂದಿನ ಬೀದಿಗೆ ಹೋಗಿ, ಮನೆಗೆ ಹೊರಟಿದ್ದ ದರ್ಜಿಯವರನ್ನು ಕೈಹಿಡಿದು ಎಳೆದುಕೊಂಡು ಬಂದೆ. ದರ್ಜಿ, ಕಟ್ಟಣ್ಣ ಒಬ್ಬರ ಮುಖ ಒಬ್ಬರು ನೋಡಿದರು. ದರ್ಜಿಯವರು, "ಯಾವನಣ್ಣಾ ಈ ತೋಳು ಹೊಲಿದಿದ್ದು?" ಎಂದರು. ಕಟ್ಟಣ್ಣ ಅಲ್ಲೇ ಅಂಗಿ ಬಿಚ್ಚಿ ಅವರ ಕೈಗೆ ಕೊಟ್ಟು, ಬನಿಯನ್ನಿನಲ್ಲಿ ವ್ಯಾಪಾರ ಮುಂದುವರಿಸಿದರು. ಇಷ್ಟಕ್ಕೆ ರಾಜಿ ಮುಗಿಯಿತು.

ಆದರೆ ನನ್ನ ಸಮಸ್ಯೆ ಮುಗಿಯಲಿಲ್ಲ. ಸರಿಯಾಗಿರುವ ಸ್ಟೂಲು ಕಟ್ಟು ಇರುವವರಿಗೆ, ಅಂದರೆ ನನ್ನ ಹೆಂಡತಿಗೆ ಸೇರಿತು. ದರ್ಜಿಯವರು, "ನನಗೆ ಬೆನ್ನಿಗೆ ಆಸರೆ ಬೇಕಪ್ಪಾ" ಎಂದು ತಮ್ಮ ಹೊಲಿಗೆ ಮಿಷನ್ನಿನ ಕುರ್ಚಿಯನ್ನೇ ತಂದು ಹಾಕಿಕೊಂಡರು. ನಾನೊಬ್ಬನೇ ನಿಂತಿದ್ದೆ. ಕಟ್ಟಿಲ್ಲ, ಸ್ಟೂಲಿಲ್ಲ. ಕೇಳದೆ ಇರಲಾರದೆ ಕೇಳಿದೆ:

"ಅಣ್ಣಾ, ಕಟ್ಟು ಬಿಟ್ಟ ಮೇಲೆ ನಾನಿನ್ನು ಇಲ್ಲಿಗೆ ಬರಬಹುದಾ?"

ಕಟ್ಟಣ್ಣ ಕೈಯಲ್ಲಿದ್ದ ದಾರದ ಉಂಡೆ ಕೆಳಗಿಟ್ಟರು. "ಏನೋ ಓದ್ತಿದೀಯ ಈಗ? ನಿಜ ಹೇಳು."

ಹೇಳಿದೆ. ಎಲ್ಲರೆದುರಿಗೂ ಹೇಳಿದೆ. ಅಜ್ಜಿ, ಕೋಳಿ, ಇಲ್ಲದ ಮಗ, ಯಾವುದನ್ನೂ ಬಿಡಲಿಲ್ಲ. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಕಟ್ಟಣ್ಣ ನಗಲಿಲ್ಲ. ಒಳಗೆ ಹೋಗಿ ಧೂಳು ಕೊಡವುತ್ತಾ ಹಳೆಯ 'ಕೊಕ್ಕೋ ಅಜ್ಜಿ'ಗಳ ರಾಶಿಯನ್ನೇ ಎತ್ತಿಕೊಂಡು ಬಂದರು. "ಇದು ನಾನು ಓದೋದು. ಯಾರಿಗೂ ತೋರಿಸಿಲ್ಲ" ಎಂದರು. ಕಿವಿ ಕೆಂಪಾಗಿತ್ತು. "ಮುಷ್ಟೀ, ಮನೇಗೆ ಹೋಗಿ ಆ ಬಿಚ್ಚದೇ ಇರೋ ಕಟ್ಟೆಲ್ಲಾ ಹೊತ್ಕೊಂಡು ಬಾ ಹೋಗು."

"ಇನ್ನೂ ಮುಷ್ಟೀನಾ ಅಣ್ಣಾ?"

"ಇನ್ನೇನು, ಕೋಳಿ ಅಂತ ಕರೀಲಾ? ಹೋಗೋ!"

೯. ಪ್ರಸ್ತುತ ಸ್ಥಿತಿ ಈ ಕೆಳಕಂಡಂತಿದೆ. ಮುರಿದ ಸ್ಟೂಲನ್ನು ಕೆಳಗಿಳಿಸಲಾಗಿದೆ. ದರ್ಜಿಯವರು ಕುತ್ತಿಗೆಯ ಟೇಪಿನಿಂದ ಇಲ್ಲದ ಕಾಲಿನ ಅಳತೆ ತೆಗೆದರು. ಅಂಗಿಗೆ ಬಿಡುವ ಹಾಗೆ ಎರಡು ಬೆರಳು ಸಡಿಲ ಬಿಡಲು ಹೋಗಿ ಬೈಸಿಕೊಂಡರು. ಇಷ್ಟು ವರ್ಷ ನಾನು ಬಿಚ್ಚದ ತಮ್ಮ ಕಟ್ಟುಗಳನ್ನು ಒಂದರ ಮೇಲೊಂದು ಪೇರಿಸಿ ನಾಲ್ಕನೇ ಕಾಲಿನ ಜಾಗದಲ್ಲಿ ಇಡಲಾಯಿತು. ಸರಿಯಾಗಿ ಕೂತಿತು. ಅದರ ಮೇಲೆ ನಾನು ಕೂತೆ. ಕೈಯಲ್ಲಿ ಅಜ್ಜಿ, ಪಕ್ಕದಲ್ಲಿ ಕಟ್ಟಣ್ಣ, ಎದುರಿಗೆ ಹೆಂಡತಿ. ಇಷ್ಟು ಸುಖವಾದ ಶನಿವಾರ ನನ್ನ ಆಯುಷ್ಯದಲ್ಲೇ ಬಂದಿರಲಿಲ್ಲ.

ಒಂದೇ ಒಂದು ಅಡಚಣೆ. ನನ್ನ ಹೆಂಡತಿ ಬಲು ವೇಗದ ಓದುಗಾರ್ತಿ. ಕರಾಳರ ಹಿಂದಿನ ಕಥೆ ತಿಳಿಯುವ ಆತುರಕ್ಕೆ ಹೋದ ಶನಿವಾರ, ನಾನು ಕೂತಿರುವಾಗಲೇ, ಕೆಳಗಿನಿಂದ ಒಂದು ಕಟ್ಟನ್ನು ಸರಕ್ಕನೆ ಎಳೆದುಕೊಂಡಳು. ಸ್ಟೂಲು ವಾಲಿತು. ಅಜ್ಜಿಗೆ ಕೋಳಿ ಸಿಗುವ ಪುಟದಲ್ಲೇ ನಾನು ಮಗುಚಿಕೊಳ್ಳಬೇಕಿತ್ತು. ಕಟ್ಟಣ್ಣ ಹಿಂದಿನಿಂದ ಕಾಲರು ಹಿಡಿದುಕೊಂಡರು. ಪತ್ರಕರ್ತೆಯವರಿಗೆ ಮಾಳಿಗೆಯ ಅಂಚಿನಲ್ಲಿ ಹೇಗನ್ನಿಸುತ್ತಿತ್ತೆಂದು ಆಗ ತಿಳಿಯಿತು.

ಆದ್ದರಿಂದ ಮೇಲ್ಕಂಡ ವಿಷಯವನ್ನು ಈ ಮೂಲಕ ತಿದ್ದುಪಡಿ ಮಾಡಿಕೊಳ್ಳುತ್ತೇನೆ. ಬಿಡುಗಡೆ ಬೇಡ. ಓದುಗನ ಹುದ್ದೆಯಿಂದ ನನ್ನನ್ನು ಕೂರುವವನ ಹುದ್ದೆಗೆ ವರ್ಗಾಯಿಸಿದರೆ ಸಾಕು.

ಸದಾ ತಮ್ಮ ಮೇಲೆಯೇ ಭಾರ ಹಾಕಿರುವ,
ತಮ್ಮ ವಿಶ್ವಾಸಿ,
ಮುಷ್ಟಿ

ಲಗತ್ತುಗಳು:
೧. ಮುರಿದ ಹಲ್ಲು (ಮೂಲ ಪ್ರತಿಯನ್ನು ಅಂದೇ ನುಂಗಿದ್ದರಿಂದ ಖಾಲಿ ಜಾಗವನ್ನು ಖುದ್ದಾಗಿ ಬಾಯಿ ತೆರೆದು ತೋರಿಸಲಾಗುವುದು).
೨. ಬಿಳಿ ದಾರ, ಒಂದು ಹಿಡಿ (ನನ್ನ ಹೆಂಡತಿ ಬಿಚ್ಚಿದ್ದು).
೩. 'ಕೊಕ್ಕೋ ಅಜ್ಜಿ', ಒಂದು ಸಂಚಿಕೆ (ತಾವೂ ಓದಿ ನೋಡಿ. ಹಿಂತಿರುಗಿಸುವುದು ಕಡ್ಡಾಯ. ಕಟ್ಟಣ್ಣನದು).

ಪ್ರತಿ: ಹೆಂಡತಿಗೆ, ಮಾಹಿತಿಗಾಗಿ. (ಕರಾಳರು ಬದುಕಿ ಬರುತ್ತಾರೆಂಬ ಭಾಗವನ್ನು ಅಂಟಿಸಿ ಮುಚ್ಚಿ ಕಳುಹಿಸಿದೆ.)

ಕೊನೆಯ ವಿನಂತಿ: ತಾವು ರೈಲು ನಿಲ್ಲಿಸಿದವರು, ಸೇತುವೆ ಹೊತ್ತವರು. ನನಗೆ ಅಷ್ಟೆಲ್ಲ ಬೇಡ. ಶನಿವಾರ ಸಂಜೆ, ಅಜ್ಜಿಗೆ ಕೋಳಿ ಸಿಗುವವರೆಗೆ, ಯಾರು ಎಳೆದರೂ ಅಲ್ಲಾಡದೆ ನನ್ನ ಕೆಳಗೆ ಹಾಗೇ ನಿಂತಿರಬೇಕಾಗಿ ಪ್ರಾರ್ಥನೆ.